ಹುಂಜ ಸಾಕಬಾರದು

ತಬೂಕ್
ಫೆಬ್ರವರಿ 2, 2014

ಪ್ರೀತಿಯ ಮೈಮೂನಾ,

ಅಸ್ಸಲಾಮು ಅಲೈಕುಂ. ಈ ಕಾಗದ ನಿನ್ನ ಕೈಸೇರುವಾಗ ನಿನ್ನ ಕಾಲಿನ ಊತ ಇಳಿದಿರಲಿ, ನಮ್ಮ ಮಗಳು ಝೀನತ್ ಎದ್ದು ಕೂತು ನಾಲ್ಕು ಚಮಚ ಗಂಜಿ ಕುಡಿಯುವಷ್ಟಾಗಿರಲಿ. ಅವಳ ಮಗು ಹೋಗಿ ಮೂರು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಬೇಸರ ಮಾಡಬೇಡ. ದಿನಾ ಫೋನ್ ಮಾಡುವವನಿಗೆ ಕಾಗದ ಯಾಕೆ ಎಂದು ಕೇಳುತ್ತೀ. ನೀನು ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕುತ್ತೀ, ಪಕ್ಕದಲ್ಲಿ ಅವಳಿರುತ್ತಾಳೆ. ಇದು ಅವಳ ಕಿವಿಗೆ ಬೀಳಬಾರದು. ನಾಡಿದ್ದು ರಜೆಯಲ್ಲಿ ಹೊರಡುವ ಅಬ್ದುಲ್ ಸಮದ್‌ನ ಕೈಯಲ್ಲಿ ಕೊಡುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ಇಲ್ಲಿ ಮರುಭೂಮಿಯಲ್ಲೂ ಈ ಸಲ ಚಳಿ ವಿಪರೀತ. ನನ್ನ ಟೊಮೆಟೊ ಗಿಡಗಳೆಲ್ಲ ಕರಟಿಹೋದವು. ಕ್ಯಾಂಪಿನ ಹಿಂದೆ ಮುದೀರ್, ಅಂದರೆ ಫಾರ್ಮಿನ ಮ್ಯಾನೇಜರ್, ನಮಗೆಂದು ಬಿಟ್ಟ ಜಾಗದ ಬಗ್ಗೆ ಹೇಳಿದ್ದೆನಲ್ಲ, ಮೂವತ್ತಾರು ಜನ ಪಾತಿ ಹಂಚಿಕೊಂಡು ತರಕಾರಿ ಮಾಡುತ್ತೇವೆ, ಬದಿಯಲ್ಲಿ ಗೂಡು ಕಟ್ಟಿ ಕೋಳಿ ಸಾಕುತ್ತೇವೆ. ಕೋಳಿಗಳು ಪಕ್ಕದವನ ಸೊಪ್ಪು ಕೆದರಿ ದಿನಾ ಜಗಳವಾಗುತ್ತಿತ್ತು. ಹಿರಿಯ ಎಂದು ನನ್ನನ್ನೇ ನಿಯಮ ಮಾಡಲು ಹೇಳಿದರು. ಒಬ್ಬನಿಗೆ ನಾಲ್ಕೇ ಕೋಳಿ. ರೆಕ್ಕೆ ಕತ್ತರಿಸಬೇಕು. ಸಂಜೆಯ ಅಸರ್ ನಮಾಜಿನ ಮೇಲಷ್ಟೇ ಗೂಡು ತೆರೆಯಬೇಕು. ಯಾರ ಪಾತಿಯಲ್ಲಿ ಮೊಟ್ಟೆ ಇಟ್ಟಿತೋ ಮೊಟ್ಟೆ ಅವನದೇ. ಹುಂಜ ಸಾಕಲೇಬಾರದು, ಏಕೆಂದರೆ ರಾತ್ರಿ ಪಾಳಿಯವರು ಹಗಲು ಮಲಗಬೇಕು. ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಪಂಪಿನ ಕೋಣೆಯ ಬಾಗಿಲಿಗೆ ಅಂಟಿಸಿದೆ. ನಿಯಮ ಎಂದರೆ ನಾನು ಹೇಗೆ ಎಂದು ನಿನಗೆ ಗೊತ್ತು.

ಆ ನಿಯಮ ಮುರಿದವನು ಬೇರೆ ಯಾರೂ ಅಲ್ಲ, ಮೂಸಬ್ಬ. ಹದಿನೇಳು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗಿದವನು. ರಜೆ ಮುಗಿಸಿ ಬಂದವನೇ ಸೆಪ್ಟೆಂಬರಿನಲ್ಲಿ ಎಲ್ಲಿಂದಲೋ ಒಂದು ಮರಿ ತಂದ. ಅದರ ಬಾಲ, ಜುಟ್ಟು ನೋಡಿ ನಾನು ಕೇಳಿದರೆ, "ಹೇಂಟೆಯೇ ಮಾರಾಯ, ಸ್ವಲ್ಪ ಜಂಬದ ಹೇಂಟೆ" ಎಂದು ನಗುತ್ತಿದ್ದ. ಸಂಜೆಯಾದರೆ ಗೋಧಿಯ ಡಬ್ಬ ನನ್ನ ಕೈಗೆ ಕೊಡುತ್ತಿದ್ದ. "ಮೊಣಕಾಲು ಬಗ್ಗುವುದಿಲ್ಲ ಕುಂಞಿ, ಒಂದು ಮುಷ್ಟಿ ನೀನೇ ಹಾಕಿಬಿಡು." ನಾಲ್ಕು ತಿಂಗಳು ನಾನೇ ಹಾಕಿದೆ. ನನ್ನ ಹೆಜ್ಜೆಯ ಸದ್ದು ಕೇಳಿದರೆ ಅದು ಓಡಿ ಬರುತ್ತಿತ್ತು. ಸುಳ್ಳು ಯಾಕೆ, ನನಗೂ ಅದರ ಮೇಲೆ ಅಕ್ಕರೆ ಹುಟ್ಟಿತ್ತು.

ಡಿಸೆಂಬರಿನಲ್ಲಿ ಅದು ಕೂಗತೊಡಗಿತು. ಬೆಳಗ್ಗೆ ಕೂಗಿ ಸುಮ್ಮನಾಗುವ ಜಾತಿಯಲ್ಲ, ಹಗಲಿಡೀ ಕೂಗುವುದು. ಮೂಸಬ್ಬ ಗೂಡಿಗೆ ಕಂಬಳಿ ಹೊದೆಸಿ ನೋಡಿದ. ರಾತ್ರಿ ಟ್ರಕ್ ಓಡಿಸುವವರು ಮುದೀರ್ ಬಳಿ ದೂರು ಕೊಟ್ಟರು. ಇನ್ನೊಂದು ದೂರು ಬಂದರೆ ಇಡೀ ಜಾಗದ ಮೇಲೆ ಟ್ರ್ಯಾಕ್ಟರ್ ಹಾಯಿಸುತ್ತೇನೆ ಎಂದ ಅವನು. ನಾನು ಮೂಸಬ್ಬನಿಗೆ ಒಂದು ವಾರ ಕೊಟ್ಟೆ.

"ಮಾರ್ಚ್‌ವರೆಗೆ ಬಿಡು" ಎಂದ. "ಆಮೇಲೆ ನಾನೇ ಕೊಯ್ದು ಎಲ್ಲರಿಗೂ ಉಣಿಸ್ತೇನೆ."

"ಮಾರ್ಚಿನಲ್ಲಿ ಎಂತ ಉಂಟು?"

"ಎಂತ ಇಲ್ಲ. ಬಿಡು ಅಂತ ಹೇಳಿದೆ ಅಷ್ಟೆ."

"ನಿನಗೆ ಬಿಟ್ಟರೆ ನಾಳೆ ಇನ್ನೊಬ್ಬನಿಗೆ ಎಂತ ಹೇಳುವುದು?"

ಅವನು ಎದ್ದು ಗೂಡಿನ ಕಂಬಳಿ ಸರಿಪಡಿಸಲು ಹೋದ. ಜನವರಿ ಮೂರು, ಶುಕ್ರವಾರ. ಅವನಿಗೆ ಅಂದು ಡ್ಯೂಟಿ ಇತ್ತು. ಜುಮಾ ಮುಗಿಸಿ ಬಂದು ನಾನು ಗೂಡಿನ ಬಾಗಿಲು ತೆರೆದೆ. ಹಿಡಿಯಲು ಕಷ್ಟಪಡಬೇಕಾಗಲಿಲ್ಲ, ಕಾಳು ಹಾಕುತ್ತೇನೆಂದು ಅದೇ ನನ್ನ ಬಳಿ ಬಂತು. ಬಿಸ್ಮಿ ಹೇಳಿ ಕೊಯ್ದೆ. ಸಾರು ಮಾಡಿ ಎಂಟು ಜನ ಉಂಡೆವು, ದೊಡ್ಡ ಕಾಲಿನ ತುಂಡನ್ನು ನನ್ನ ತಟ್ಟೆಗೇ ಹಾಕಿದರು. ಮೂಸಬ್ಬ ಬಂದು ಖಾಲಿ ಗೂಡು ನೋಡಿ, ಕೈಕಾಲು ತೊಳೆದು, ಉಣ್ಣದೆ ಗೋಡೆಯ ಕಡೆ ತಿರುಗಿ ಮಲಗಿದ. ಒಂದು ಹುಂಜಕ್ಕೆ ಇಷ್ಟು ಕೋಪವಾ ಎಂದು ನಾನು ಒಳಗೊಳಗೇ ನಕ್ಕೆ.

ಒಂಬತ್ತನೇ ದಿನ ನಿನ್ನ ಫೋನ್ ಬಂತು. ಎಂಟನೇ ತಿಂಗಳು, ಗಂಡು ಮಗು, ಹುಟ್ಟುವಾಗಲೇ ಉಸಿರಿಲ್ಲ. ಅವಳು ಹೀಗೆ ಕಳೆದುಕೊಂಡದ್ದು ಇದು ಮೂರನೆಯದು. ನೀನು ಅಳಲಿಲ್ಲ. "ಅಲ್ಲಾಹನ ವಿಧಿ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ನಾನು ಅತ್ತೆ, ಮೈಮೂನಾ. ನನ್ನ ಬೆನ್ನ ಮೇಲೆ ಕೈಯಿಟ್ಟು ಬೆಳಗಿನ ಸುಬಹಿ ಬಾಂಗಿನವರೆಗೆ ಕೂತಿದ್ದವನು ಮೂಸಬ್ಬನೇ.

ಝೀನತ್‌ಗೆ ಯಾರೂ ಏನೂ ಅನ್ನದ ಹಾಗೆ ನೋಡಿಕೋ. ಅಳಿಯನಿಗೆ ನನ್ನ ಸಲಾಂ. ಸಮದ್‌ನ ಹತ್ತಿರ ಖರ್ಜೂರ ಮತ್ತು ಅವಳಿಗೊಂದು ದಪ್ಪ ಕಂಬಳಿ ಕಳಿಸಿದ್ದೇನೆ. ಅಲ್ಲಾಹನು ನಿಮ್ಮಿಬ್ಬರ ಎದೆಗೆ ತಂಪು ಕೊಡಲಿ.

ನಿನ್ನ
ಅಬ್ದುಲ್ಲ ಕುಂಞಿ

ತಾ.ಕ.: ಇಷ್ಟೆಲ್ಲ ಬರೆದದ್ದು ಇದನ್ನು ಬರೆಯಲು ಧೈರ್ಯ ಸಾಲದೆ. ಮೊನ್ನೆ ನಾನು ಗೋಧಿಯ ಡಬ್ಬ ಹಿಂತಿರುಗಿಸಲು ಹೋದಾಗ ಮೂಸಬ್ಬ ಎಲ್ಲ ಹೇಳಿದ. ಆ ಹುಂಜ ನಿನ್ನ ಹರಕೆಯದ್ದಂತೆ. ಝೀನತ್‌ನ ಬಾಪನ, ಅಂದರೆ ನನ್ನ, ಕೈಯ ಕಾಳು ತಿಂದು ಬೆಳೆದ ಹುಂಜವನ್ನು ಮಗು ಹುಟ್ಟಿದ ದಿನ ಕೊಯ್ದು ಹತ್ತು ಜನರಿಗೆ ಉಣಿಸುತ್ತೇನೆಂದು ನೀನು ಹರಕೆ ಹೊತ್ತು, ರಜೆಗೆ ಬಂದ ಅವನಿಗೆ ಆ ಕೆಲಸ ಒಪ್ಪಿಸಿದೆಯಂತೆ. ನನಗೆ ಹೇಳಬಾರದು ಎಂದು ಆಣೆಯನ್ನೂ ಹಾಕಿಸಿದೆಯಂತೆ. ಅವನ ಮೊಣಕಾಲಿಗೆ ಏನೂ ಆಗಿಲ್ಲ.

ಹುಂಜ ಬದುಕಿದ್ದರೆ ಮಗು ಬದುಕುತ್ತಿತ್ತು ಎಂದು ನಾನು ನಂಬುವುದಿಲ್ಲ. ನೀನೂ ನಂಬಬೇಡ, ನನಗೋಸ್ಕರವಾದರೂ ನಂಬಬೇಡ. ಆದರೆ ಹಿಂದೊಮ್ಮೆ ನೀನು ದರ್ಗಾಕ್ಕೆ ಎಣ್ಣೆ ಕೊಟ್ಟದ್ದಕ್ಕೆ ಇಂಥ ಹರಕೆಯೆಲ್ಲ ಮೌಢ್ಯ ಎಂದು ನಾನು ಫೋನಿನಲ್ಲಿ ಕೂಗಾಡಿದ್ದು ನೆನಪಾಯಿತು. ಅಂದಿನಿಂದ ನೀನು ಎಲ್ಲದಕ್ಕೂ "ಸರಿ" ಎನ್ನುತ್ತಾ ಬಂದಿದ್ದೀ. ಮನೆ ಸರಿಯಾಗಿ ನಡೆಯುತ್ತಿದೆ ಎಂದು ನಾನು ತಿಳಿದಿದ್ದೆ.

ಸಮದ್ ಏಪ್ರಿಲಿನಲ್ಲಿ ಹಿಂತಿರುಗುತ್ತಾನೆ. ಇನ್ನೂ ಏನೇನು ನನಗೆ ಹೇಳದೆ ಇಟ್ಟುಕೊಂಡಿದ್ದೀ, ಬರೆದು ಅವನ ಕೈಯಲ್ಲಿ ಕೊಡು. ನಾನು ಬೈಯುವುದಿಲ್ಲ.