ಅಟೆಂಡರ್ ಇಲ್ಲದವರ ಕಣ್ಣು

ಕಣ್ಣಾಸ್ಪತ್ರೆಯ ಮೇಲಧಿಕಾರಿಗಳೇ,

ನನ್ನ ಕಣ್ಣಿನ ಪೊರೆ ತೆಗೆಯಲು ನಿಮ್ಮ ವೈದ್ಯರು ಸಿದ್ಧ, ತೆಗೆಸಿಕೊಳ್ಳಲು ನಾನೂ ಸಿದ್ಧ. ಅಡ್ಡ ನಿಂತಿರುವುದು ಒಂದೇ ಒಂದು ಇಂಗ್ಲಿಷ್ ಪದ: ಅಟೆಂಡರ್. ಜೊತೆಗೊಬ್ಬರು ಇಲ್ಲದ ರೋಗಿಗೆ ಆಪರೇಷನ್ ಇಲ್ಲವೆಂದು ನನ್ನನ್ನು ವಾಪಸ್ ಕಳಿಸಿದ್ದೀರಿ. ಒಂಟಿ ಹೆಂಗಸಿನ ಕಣ್ಣಿಗೆ ಪೊರೆ ಬರಕೂಡದೆಂದು ಮೊದಲೇ ಬೋರ್ಡು ಹಾಕಿದ್ದರೆ ನಾನಾದರೂ ಹುಷಾರಾಗಿರುತ್ತಿದ್ದೆ!

ಆಯುಷ್ಯವೆಲ್ಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಚಟ ಬಿಟ್ಟಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದರ ಅರ್ಥ ಒಂದರ ಕಡೆಗೆ ಚಾಚುವುದು. ಮನಸ್ಸು ಚಾಚಿದರೆ ಗಮನ ಕೊಟ್ಟಂತಾಯಿತು. ಫ್ರೆಂಚರ ಬಾಯಲ್ಲಿ ಅದೇ ಕಾಯುವುದಾಯಿತು. ಇಂಗ್ಲಿಷಿಗೆ ಬಂದು ಆರೈಕೆಯೂ ಹಾಜರಿಯೂ ಆಯಿತು. ನಮ್ಮ ಕಚೇರಿಗಳಲ್ಲಿ ಫೈಲು ಹೊರುವವರೂ ಅಟೆಂಡರ್, ನಿಮ್ಮಲ್ಲಿ ರೋಗಿಯ ಚಪ್ಪಲಿ ಕಾಯುವವರೂ ಅಟೆಂಡರ್. ಇಷ್ಟು ದೂರ ನಡೆದು ಬಂದ ಪದಕ್ಕೆ ದಾರಿಯಲ್ಲೆಲ್ಲೂ ರಕ್ತಸಂಬಂಧದ ಷರತ್ತು ಇರಲಿಲ್ಲ. ಅದನ್ನು ಸೇರಿಸಿದ ಕೀರ್ತಿ ತಮ್ಮದು.

ಮೊನ್ನೆ ನಿಮ್ಮ ಕೌಂಟರಿನ ಮುಂದೆ ಗಡಿಯಾರ ರಿಪೇರಿ ಮಾಡುವವರೊಬ್ಬರು ನನ್ನಂತೆಯೇ ಒಬ್ಬರೇ ಬಂದು, ನನ್ನಂತೆಯೇ ಬೈಸಿಕೊಂಡು ನಿಂತಿದ್ದರು. “ಅಕ್ಕಾ, ಇವತ್ತು ನಿಮಗೆ ನಾನಿರ್ತೀನಿ. ನನ್ನ ಸರದಿಗೆ ನೀವು ಬನ್ನಿ. ಆಗಲ್ವಾ?” ಅಂದರು. ಇಬ್ಬರೂ ಹುರುಪಿನಿಂದ ಕೌಂಟರಿಗೆ ಹೋದೆವು.

“ಇವರು ನಿಮಗೆ ಏನಾಗ್ಬೇಕಮ್ಮಾ?” ಸಿಸ್ಟರ್ ಕೇಳಿದರು.

“ಏನೂ ಆಗ್ಬೇಕಿಲ್ಲ. ಈಗ ತಾನೇ ಪರಿಚಯ.”

“ಹಾಗಾದ್ರೆ ಬರಲ್ಲ. ಸಂಬಂಧಿಕರನ್ನ ಕರ್ಕೊಂಡು ಬನ್ನಿ.”

ತಮ್ಮ ಎಂದು ಒಂದು ಸುಳ್ಳು ಹೇಳಿದ್ದರೆ ಆಪರೇಷನ್ ಆಗಿಹೋಗಿರುತ್ತಿತ್ತು. ನಿಜ ಹೇಳಿದ್ದಕ್ಕೆ ಈ ಶಿಕ್ಷೆಯೇ? ನನಗೂ ಅಣ್ಣನ ಮಗನೊಬ್ಬನಿದ್ದಾನೆ. ಫೋನ್ ಮಾಡಿದಾಗಲೆಲ್ಲ “ಮುಂದಿನ ವಾರ ಬರ್ತೀನಿ ಅತ್ತೆ” ಅನ್ನುತ್ತಾನೆ. ನಿಮ್ಮ ನಿಯಮದಲ್ಲಿ ಅವನು ಅಟೆಂಡರ್, ಬರದಿದ್ದರೂ. ಅಂದು ಸಂಜೆ, ಹೊರಡುವಾಗ ನನ್ನ ನಂಬರ್ ಬರೆದುಕೊಂಡಿದ್ದ ಗಡಿಯಾರದವರು ಫೋನ್ ಮಾಡಿ, “ಮನೆ ಸೇರಿದ್ರಾ ಅಕ್ಕಾ?” ಎಂದರು. ಹಾಗೆ ಕೇಳುವವರಿಲ್ಲದೆ ಎಷ್ಟೋ ವರ್ಷಗಳಾಗಿದ್ದವು. ಹೂಂ ಅಂದು ಫೋನಿಟ್ಟು, ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಒಂಟಿ ರೋಗಿಗಳು ಒಬ್ಬರಿಗೊಬ್ಬರು ಅಟೆಂಡರ್ ಆಗಬಹುದೆಂದು ಈ ವಾರವೇ ಆದೇಶ ಹೊರಡಿಸಿ. ನೆಂಟರಲ್ಲದವರು ಹೊಣೆ ಹೊರುತ್ತಾರೆಯೇ ಎಂಬ ಅನುಮಾನ ನಿಮಗಿದ್ದರೆ ಒಂದು ಮಾತು. ನನಗೀಗ ಅಕ್ಷರ ಕಾಣುವುದಿಲ್ಲ. ನಾನು ಹೇಳುತ್ತ ಹೋದಂತೆ, ತಮ್ಮ ಗಡಿಯಾರದ ಅಂಗಡಿ ಮುಚ್ಚಿ ಬಂದು, ಇನ್ನೂ ಮಸುಕಾಗದ ಒಂದೇ ಕಣ್ಣಿನಲ್ಲಿ ಈ ಪತ್ರ ಬರೆಯುತ್ತಿರುವವರು ಅವರೇ.

ಇಂತಿ,
ಜೊತೆಗೆ ಯಾರೂ ಇಲ್ಲವೆಂದು ನೀವು ವಾಪಸ್ ಕಳಿಸಿದ ಟೀಚರ್