ಸಾಯದ ಮೀನಿಗೆ ತಿಥಿ ಯಾಕೆ?

ಮಾನ್ಯ ಕರಾವಳಿ ವಿಕಿರಣ ತಪಾಸಣಾಧಿಕಾರಿಗಳೇ,

ನಿಮ್ಮ ತೊಟ್ಟಿಯ ಮೀನುಗಳಲ್ಲಿ ಎಷ್ಟು ಸತ್ತಿವೆ? ಉತ್ತರ ಬೇಕು, ಕರಪತ್ರ ಬೇಡ.

ಅಣುಸ್ಥಾವರ ಸಮುದ್ರಕ್ಕೆ ಬಿಡುವ ನೀರಿನಲ್ಲೇ ಚಪ್ಪಟೆ ಮೀನು ಸಾಕಿ, ಆ ಗಾಜಿನ ತೊಟ್ಟಿಯನ್ನು ನಮ್ಮ ಬಂದರಿನ ಬಾಗಿಲಲ್ಲಿಟ್ಟು, "ಅಲ್ಪ ವಿಕಿರಣದಿಂದ ಅಪಾಯವಿಲ್ಲ, ಒಂದು ಮೀನೂ ಸತ್ತಿಲ್ಲ" ಎಂದು ಫಲಕ ತೂಗುಹಾಕಿದವರು ತಾವು. ಇಲ್ಲೇ ಊಟದಂಗಡಿ ನಡೆಸುವ ನಾನು ಅದನ್ನು ನಂಬಿದೆ. "ಈ ಮೀನು ತಿನ್ಬಹುದಾ ಅಮ್ಮಾ?" ಎಂದ ಗಿರಾಕಿಗಳಿಗೆಲ್ಲ ಆ ಫಲಕವನ್ನೇ ತೋರಿಸಿದೆ. ನನ್ನ ಗಂಡ ತೊಕುಜೊ ಹಿಡಿದು ತಂದದ್ದು ಹಾಗೆ ಖರ್ಚಾಗುತ್ತಿತ್ತು.

ಮೊನ್ನೆ ನಮ್ಮ ಬೌದ್ಧ ಗುಡಿಯ ಗುರು ಗೆನ್‌ಶೋ ಊಟಕ್ಕೆ ಬಂದಿದ್ದರು.

"ತಪಾಸಣೆ ಕಚೇರಿಯೋರು ಒಳ್ಳೆ ಜನ ಕಣಮ್ಮ. ತೊಟ್ಟಿ ಮೀನಿಗೆ ನಮ್ ಗುಡೀಲೇ ತಿಥಿ ಮಾಡ್ಸಿದ್ರು. ಹೂವು, ಊದುಬತ್ತಿ, ಎಲ್ಲಾ ಅಚ್ಚುಕಟ್ಟು!"

"ತಿಥೀನಾ? ಯಾವ ಮೀನಿಗೆ ಗುರುಗಳೇ?"

"ಸತ್ತಿದ್ದಕ್ಕೆ! ಈಜ್ತಿರೋದಕ್ಕೆ ಮಾಡ್ತಾರೇನಮ್ಮ?"

ಬಲೆಗೆ ಬಿದ್ದ ಮೀನಿಗೂ ಪ್ರಯೋಗದಲ್ಲಿ ಸತ್ತ ಜೀವಕ್ಕೂ ಕೈಮುಗಿದು ಕಳಿಸಿಕೊಡುವ ಜನ ನಾವು. ನಿಮ್ಮ ಸಿಬ್ಬಂದಿ ಆ ಮರ್ಯಾದೆ ಮರೆಯಲಿಲ್ಲ, ಸಂತೋಷ. ಆದರೆ ಮಾನ್ಯರೇ, ಸಾವಿಲ್ಲದ ಮನೆಯಲ್ಲಿ ತಿಥಿಯೇ? ಮೀನಿನ ಆತ್ಮಕ್ಕೆ ಹೆದರುವ ಕಚೇರಿಗೆ ಬದುಕಿರುವ ಮನುಷ್ಯರ ಭಯವಿಲ್ಲವೇ? ವಿಕಿರಣವೇ ಕೊಂದಿತೆಂದು ನಾನು ಹೇಳುವುದಿಲ್ಲ. ಪಂಪು ಕೆಟ್ಟಿರಬಹುದು, ರೋಗ ತಗುಲಿರಬಹುದು. ಹಾಗಿದ್ದರೆ ಮುಚ್ಚಿಟ್ಟದ್ದೇಕೆ? ಆ ತೊಟ್ಟಿಯಲ್ಲೇ ಮೊಟ್ಟೆಯೊಡೆದು ಬಂದ ಮರಿಗಳ ಸುದ್ದಿಯೇ ಫಲಕದಲ್ಲಿ ಇಲ್ಲವಲ್ಲ, ಅವೂ ಗುಡಿಗೆ ಹೋದವೇ? ಒಂದು ಸುಳ್ಳು ಸಿಕ್ಕ ಮೇಲೆ ನಿಮ್ಮ ನಿಜವನ್ನೂ ನಾನು ಮೂಸಿ ನೋಡುವಂತಾಗಿದೆ.

ನಿನ್ನೆ ಬಸುರಿ ಸೊಸೆ ಕಸುಮಿಗೆ ಮೀನಿನ ಸಾರು ಬಡಿಸಿದೆ. "ಘಮ್ ಅಂತಿದೆ ಅತ್ತೆ" ಎಂದು ಬೋಗುಣಿಯನ್ನು ತುಟಿಗೆ ತಂದಳು. ನಾನು ಥಟ್ಟನೆ ಕಸಿದುಕೊಂಡುಬಿಟ್ಟೆ.

"ಯಾಕತ್ತೆ, ಉಪ್ಪು ಜಾಸ್ತಿ ಆಯ್ತಾ?"

ಎದುರಿಗೇ ಕುಳಿತಿದ್ದ ತೊಕುಜೊ ನನ್ನ ಕೈ ನೋಡಿದ. "ಉಪ್ಪಲ್ಲ ಕಣಮ್ಮ. ನಾನು ಹಿಡ್ದಿದ್ ಮೀನು ಅಂತ," ಎಂದು ಎದ್ದು ಹೋದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವತ್ತು ಅವನು ದೋಣಿ ಇಳಿಸಲಿಲ್ಲ.

ಎಷ್ಟು ಸತ್ತವು, ಯಾಕೆ ಸತ್ತವು, ಮರಿಗಳು ಉಳಿದವೇ? ಅದೇ ಫಲಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ಕೆಟ್ಟ ಸುದ್ದಿಯಾದರೂ ತಾಳಿಕೊಳ್ಳುತ್ತೇವೆ. ಸೊಸೆಗೆ ತಿನ್ನು ಎನ್ನಲಿಕ್ಕೂ ಗಂಡನಿಗೆ ದೋಣಿ ಮಾರು ಎನ್ನಲಿಕ್ಕೂ ನನಗೆ ನಿಜವೇ ಬೇಕು.

ಇಂತಿ,
ನಿಮ್ಮ ಮಾತು ನಂಬಿ, ಗಂಡನ ಮೀನು ನಂಬದೆ ಹೋದ
ಸುಮಿಯೆ,
ಊಟದಂಗಡಿ, ಉರಕಜೆ ಬಂದರು