ಹೆಸರು ಬರೆಯದೆ ಬಿಟ್ಟ ಮನೆ

ಮಾವನವರಿಗೆ, ನಿಮ್ಮ ಸೊಸೆ ಲಲಿತೆಯ ನಮಸ್ಕಾರ.

ಅಳುತ್ತ ಬರೆಯುತ್ತಿಲ್ಲ, ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಬಾಂಬಿಗೆ ಬೀಳುವ ಮೊದಲೆಂದು ಮನೆ ಬೀದಿಗಳನ್ನು ನೋಡಿ ಮದರಾಸಿನಲ್ಲಿ ಬರೆದ ಅಷ್ಟೊಂದು ಜಲವರ್ಣ ಚಿತ್ರ ಬಿಟ್ಟು ಹೋದಿರಿ. ಒಂದರ ಹಿಂದಾದರೂ ಇದು ಯಾರ ಮನೆ, ಯಾವ ಬೀದಿ ಎಂದು ಬರೆಯಬಾರದಿತ್ತೇ?

ಹೋದ ಜನವರಿಯಲ್ಲಿ ಟಿವಿಯಲ್ಲಿ ಕೊಲ್ಲಿ ಯುದ್ಧದ ಸುದ್ದಿ ಬಂದದ್ದೇ ತಡ, ಬಣ್ಣದ ಡಬ್ಬಿ ಹಿಡಿದು ಈಸ್ಟ್ ಬ್ರನ್ಸ್‌ವಿಕ್ಕಿನ ಆ ಚಳಿಯಲ್ಲಿ ಲಾಂಡ್ರೊಮ್ಯಾಟ್ ಎದುರು ನಿಂತಿರಿ. ಬಟ್ಟಲಿನ ನೀರು ಹೆಪ್ಪುಗಟ್ಟಿತ್ತು.

"ಈ ಅಮೆರಿಕದಲ್ಲಿ ಯಾರು ಮಾವ ಬಾಂಬ್ ಹಾಕ್ತಾರೆ?"

"ಮದರಾಸಲ್ಲೂ ಹಾಗೇ ಅಂದ್ಕೊಂಡಿದ್ವಿ. ಅರಮನೆ ಚಿತ್ರ ಯಾರಾದ್ರೂ ಬರೀತಾರಮ್ಮ. ಬಟ್ಟೆ ಒಗೆಯೋ ಅಂಗಡೀದು ಯಾರು ಬರೀತಾರೆ?"

ಚಿತ್ರದಲ್ಲಿ ಅಂಗಡಿಯ ಬೋರ್ಡು ಮಾತ್ರ ಖಾಲಿ ಬಿಟ್ಟಿರಿ. ಅಂದು ಮದರಾಸಿನಲ್ಲಿ, ಚಿತ್ರದಲ್ಲಿ ಬೀದಿಯ ಹೆಸರು ನೋಡಿ, ಗೂಢಚಾರನೆಂದು ಪೊಲೀಸರು ನಿಮ್ಮನ್ನು ಒಂದು ಹಗಲು ಕೂರಿಸಿದ್ದರಂತೆ. ಸರಿ ಮಾವ, ಐವತ್ತು ವರ್ಷವಾಯಿತಲ್ಲ!

ನಿಮ್ಮ ಮಗ ಕೇಳಿದ್ದು ಒಂದೇ ಮಾತು. ಹೆತ್ತ ವಾರಕ್ಕೇ ತೀರಿಕೊಂಡ ತಾಯಿ, ಒಂದು ಫೋಟೋ ಕೂಡ ಇಲ್ಲ. "ಅಪ್ಪ, ಇದರಲ್ಲಿ ನಮ್ಮನೆ ಯಾವುದು?" ಎಂದರೆ, "ಕೂತ್ಕೊಂಡು ಹೇಳ್ತೀನಿ, ಅವಸರ ಏನು?" ಎನ್ನುತ್ತಿದ್ದಿರಿ. ಮಾರ್ಚಿನಲ್ಲಿ ನಿಮಗೇ ಅವಸರವಾಯಿತು.

ನೀವು ಹೋದ ಮೇಲೆ ಬೇಸ್‌ಮೆಂಟಿನ ತೇವಕ್ಕೆ ಚಿತ್ರಗಳು ಬೂಷ್ಟು ಹಿಡಿದವು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತ ಬಂದೆ. ಒಂದರಲ್ಲಿ ಬಾಗಿಲ ಮುಂದೆ ಕೆಂಪು ನೆಲದ ಮೇಲೆ ಬಿಳಿ ಚುಕ್ಕೆಗಳು. ಅದೂ ಬೂಷ್ಟೆಂದುಕೊಂಡು ಒರೆಸಿದೆ. ಕೆಂಪು ಬಣ್ಣವೂ ಬಟ್ಟೆಗೆ ಹತ್ತಿದಾಗ ಹೆದರಿ ಅರ್ಧಕ್ಕೆ ಬಿಟ್ಟೆ. ಯಾರಿಗೂ ಹೇಳಲಿಲ್ಲ...

ಜುಲೈನಲ್ಲಿ ನಿಮ್ಮ ಮಗಳು ಸರೋಜಕ್ಕ ಬೆಂಗಳೂರಿನಿಂದ ಬಂದರು. ಚಿತ್ರಗಳನ್ನೆಲ್ಲ ಊಟದ ಟೇಬಲ್ ಮೇಲೆ ಹರವಿದೆವು. ಆ ಕೆಂಪು ನೆಲದ ಚಿತ್ರ ಕಂಡವರೇ ತಮ್ಮನನ್ನು ಕೂಗಿದರು. "ಇದೇ ಕಣೋ ನಮ್ಮನೆ! ಬಾಂಬಿಗೆ ಹೆದರಿ ಊರೆಲ್ಲ ಬೀಗ ಹಾಕ್ಕೊಂಡು ಹೋಗಿತ್ತು. ಅಮ್ಮ ತುಂಬು ಬಸುರಿ, ರೈಲಿನ ನೂಕುನುಗ್ಗಲು ಬೇಡ ಅಂತ ನಾವು ಉಳಿದ್ವಿ. ಇಡೀ ಬೀದೀಲಿ ರಂಗೋಲಿ ಇದ್ದದ್ದು ನಮ್ಮ ಬಾಗಿಲಿಗೊಂದೇ. ನೋಡೋಕೆ ಯಾರಿದ್ದಾರೆ ಅಂತ ಅಪ್ಪ ರೇಗೋರು."

"ಅಮ್ಮ ಯಾವ ಕಿಟಕಿ ಹತ್ರ ಕೂತ್ಕೊಳ್ತಿದ್ಲು ಅಕ್ಕ?"

"ಕೂತ್ಕೊಳ್ಳೋಕೆ ಅವಳಿಗೆಲ್ಲಿ ಪುರುಸೊತ್ತೋ, ಪೆದ್ದ!"

ಇವರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು. "ರಂಗೋಲಿ ಅರ್ಧಕ್ಕೇ ನಿಂತಿದೆಯಲ್ಲ?"

"ಸೈರನ್ ಕೂಗಿರಬೇಕು ಕಣೋ. ಬಿಟ್ಟು ಒಳಗೆ ಓಡಿರ್ತಾಳೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ತಮ್ಮ ಇಬ್ಬರೂ ಅಳುತ್ತಿದ್ದರು. ಈಗ ಅದು ಫ್ರೇಮಿನೊಳಗೆ, ಲಿವಿಂಗ್ ರೂಮಿನಲ್ಲಿದೆ. ಬಂದವರಿಗೆಲ್ಲ ಸೈರನ್ನಿನ ಕಥೆ. ಮೊನ್ನೆ ಪಾರ್ಸಿಪನಿ ಊರಿನಿಂದ ಬಂದವರಿಗೆ ಇವರು, "ಅಪ್ಪ ಕಂಡದ್ದನ್ನ ಕಂಡ ಹಾಗೇ ಬರೆದಿದ್ದಾರೆ" ಎಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ನೀವು ಒಂದು ಸಾಲು ಬರೆದಿದ್ದರೆ ನಾನು ಆ ಚಿತ್ರದ ಮೇಲೆ ಬಟ್ಟೆ ಇಡುತ್ತಿದ್ದೆನೇ?

ಹೇಳಿದರೆ ಇವರ ಮುಖ ಹೇಗೆ ನೋಡಲಿ? ಹೇಳದಿದ್ದರೆ, ಚಳಿ ಬಿಸಿಲೆನ್ನದೆ ನಿಂತು ನೀವು ಬರೆದದ್ದು ಸುಳ್ಳಾಗುತ್ತದೆ.

ಶನಿವಾರ ಸರೋಜಕ್ಕ ಊರಿಗೆ ಹೊರಡುತ್ತಾರೆ. ಅದಕ್ಕೆ ಮೊದಲು ಇಬ್ಬರೆದುರೂ ಹೇಳಿಬಿಡುತ್ತೇನೆ, ಇದು ನಿಮಗೆ ಕೊಟ್ಟ ಮಾತು. ಅತ್ತೆಯವರು ಎಲ್ಲಿಗೂ ಓಡಲಿಲ್ಲ. ಆ ಖಾಲಿ ಬೀದಿಯಲ್ಲಿ, ತುಂಬಿದ ಹೊಟ್ಟೆ ಹೊತ್ತು, ರಂಗೋಲಿಯನ್ನು ಪೂರ್ತಿ ಹಾಕಿಯೇ ಎದ್ದರು.